ಒಮ್ಮೆ ಗಡ್ಡೆಯಾಗಿ ಗುಣವಾದವರ ಹೃದಯ: ಮನೆಮಂದಿ ತಿಳಿದಿರಬೇಕಾದ ಸಂಗತಿಗಳು

ಹೃದಯದ ಕಾಯಿಲೆಯ ಹೆಸರು ಕೇಳದ ಮನೆ ನಮ್ಮ ವ್ಯಾಪಾರಿ ಸಮಾಜದಲ್ಲಿ ಇರಲಾರದು. ಬೆಳಗಿನಿಂದ ರಾತ್ರಿಯವರೆಗೆ ಗಾದಿಯ ಮೇಲೆ ಕೂತು ಮಾಡುವ ದುಡಿಮೆ, ಎಣ್ಣೆಯಲ್ಲಿ ಕರಿದ ತಿಂಡಿ, ವಸೂಲಿಯ ಚಿಂತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆಲ್ಲ ಕೂಡಿ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತವೆ. ಆಂಜಿಯೋಗ್ರಫಿ, ಬೈಪಾಸ್ ಎಂಬ ಮಾತುಗಳು ಸೋಲಾಪುರದ ಪೇಟೆಯಲ್ಲಿ ದರದ ಮಾತಿನಷ್ಟೇ ಸಹಜವಾಗಿ ಕೇಳಿಬರುತ್ತವೆ. ಆದರೆ ಹೃದಯದಲ್ಲಿಯೂ ಗಡ್ಡೆ ಬೆಳೆಯಬಹುದು, ಅದರಲ್ಲೂ ದೇಹದ ಬೇರೆ ಕಡೆ ಒಮ್ಮೆ ಗಡ್ಡೆಯಾಗಿದ್ದವರಲ್ಲಿ ಈ ಮಾತನ್ನು ನೆನಪಿನಲ್ಲಿ ಇಡಬೇಕಾಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಇದನ್ನು ಬರೆಯುವುದು ಯಾರನ್ನೂ ಹೆದರಿಸಲಿಕ್ಕಲ್ಲ. ಮೊದಲು ಕ್ಯಾನ್ಸರ್ ಎಂದರೆ ಮುಗಿಯಿತು ಎನ್ನುತ್ತಿದ್ದರು. ಈಗ ಸ್ತನದ, ಗರ್ಭಕೋಶದ, ಕರುಳಿನ ಗಡ್ಡೆಯಾಗಿ ಚಿಕಿತ್ಸೆ ಪಡೆದು ಹತ್ತು ಹದಿನೈದು ವರ್ಷ ಸುಖವಾಗಿ ಬಾಳುತ್ತಿರುವ ತಾಯಂದಿರು, ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಅಂಥವರಿಗೆ ಮುಂದೊಂದು ದಿನ ಏದುಸಿರು ಬಂದರೆ ಏನೆಂದು ತಿಳಿಯಬೇಕು? ಯಾವ ಪರೀಕ್ಷೆ ಮಾಡಿಸಬೇಕು? ಡಾಕ್ಟರಿಗೆ ಏನು ಹೇಳಬೇಕು? ಇಷ್ಟನ್ನು ಮನೆಮಂದಿ ತಿಳಿದಿದ್ದರೆ ಒಂದು ಜೀವ ಉಳಿಯಬಹುದು.

ಹೃದಯದಲ್ಲಿ ಗಡ್ಡೆ ಅಪರೂಪವೇಕೆ?

ಮುಷ್ಟಿಯಷ್ಟು ಗಾತ್ರದ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರ ಸ್ನಾಯುವಿನ ಕಣಗಳು ದೊಡ್ಡವರಲ್ಲಿ ಒಡೆದು ಹೆಚ್ಚುವುದು ತೀರಾ ಕಡಿಮೆ. ಕಣಗಳು ಲಂಗುಲಗಾಮಿಲ್ಲದೆ ಹೆಚ್ಚುವುದೇ ಗಡ್ಡೆಯಾದ್ದರಿಂದ ಹೃದಯದಲ್ಲಿ ಅದಕ್ಕೆ ಅವಕಾಶ ಕಡಿಮೆ. ಹೀಗಾಗಿ ಹೃದಯದಲ್ಲಿಯೇ ಹುಟ್ಟುವ ಗಡ್ಡೆ ಬಹಳ ಅಪರೂಪ. ಮರಣೋತ್ತರ ಪರೀಕ್ಷೆಗಳ ಲೆಕ್ಕ ನೋಡಿದರೆ 10 ಸಾವಿರ ಶವಗಳಲ್ಲಿ ಸುಮಾರು 2ರಲ್ಲಿ ಮಾತ್ರ ಇಂಥ ಗಡ್ಡೆ ಸಿಕ್ಕಿದೆ. ಅವುಗಳಲ್ಲಿಯೂ ನಾಲ್ಕರಲ್ಲಿ ಮೂರು ಪಾಲು ಕ್ಯಾನ್ಸರ್ ಅಲ್ಲದ, ಸೌಮ್ಯ ಸ್ವಭಾವದವು.

ಆದರೆ ದೇಹದ ಬೇರೆ ಕಡೆ ಹುಟ್ಟಿದ ಕ್ಯಾನ್ಸರು ಹೃದಯಕ್ಕೆ ಬಂದು ನೆಲೆಸುವುದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. 20ರಿಂದ 40 ಪಟ್ಟು ಎಂದು ಅನೇಕ ಗ್ರಂಥಗಳು ಹೇಳುತ್ತವೆ. ಕ್ಯಾನ್ಸರಿನಿಂದ ತೀರಿಕೊಂಡವರ ಶವಪರೀಕ್ಷೆ ಮಾಡಿದಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರ ಹೃದಯದಲ್ಲಿಯೋ ಅದರ ಹೊದಿಕೆಯಲ್ಲಿಯೋ ರೋಗದ ಗುರುತು ಸಿಗುತ್ತದೆ. ಅವರಲ್ಲಿ ಬಹಳ ಜನರಿಗೆ ಬದುಕಿದ್ದಾಗ ಹೃದಯದ ತೊಂದರೆಯೇ ಕಂಡಿರುವುದಿಲ್ಲ. ಈ ಲೆಕ್ಕ ರೋಗ ಮುಂದುವರಿದು ತೀರಿಕೊಂಡವರದು, ಗುಣವಾಗಿ ಮನೆಯಲ್ಲಿರುವವರದಲ್ಲ ಎಂಬುದನ್ನು ಓದುಗರು ಮರೆಯಬಾರದು.

ಹೃದಯದ ಗಡ್ಡೆಯನ್ನು ಇಟಲಿಯ ವೈದ್ಯ ರಿಯಾಲ್ಡೊ ಕೊಲಂಬೊ 1559ರಷ್ಟು ಹಿಂದೆಯೇ ವರ್ಣಿಸಿದ್ದಾನೆ. ಆದರೂ ನಾಲ್ಕು ನೂರು ವರ್ಷಗಳವರೆಗೆ ಅದು ಸತ್ತ ಮೇಲೆ ತಿಳಿಯುವ ಕಾಯಿಲೆಯಾಗಿಯೇ ಉಳಿಯಿತು. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಜ್ ಎಂಬಿಬ್ಬರು ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ವಿಧಾನ ಕಂಡುಹಿಡಿದರು. ಇಂದಿನ ಎಕೋ ಪರೀಕ್ಷೆಯ ಮೂಲ ಅದೇ. ಮರುವರ್ಷ, 1954ರಲ್ಲಿ, ಅದೇ ದೇಶದ ಕ್ಲಾರೆನ್ಸ್ ಕ್ರಾಫೋರ್ಡ್ ಎಂಬ ಶಸ್ತ್ರವೈದ್ಯರು ಹೃದಯದೊಳಗಿನ ಗಡ್ಡೆಯೊಂದನ್ನು ಯಶಸ್ವಿಯಾಗಿ ತೆಗೆದರು. ಅಂದು ಸುದ್ದಿಯಾದ ಆ ಶಸ್ತ್ರಕ್ರಿಯೆ ಇಂದು ನಮ್ಮ ದೇಶದ ದೊಡ್ಡ ಹೃದಯ ಆಸ್ಪತ್ರೆಗಳಲ್ಲಿ ರೂಢಿಯ ಕೆಲಸ.

ಯಾವ ಗಡ್ಡೆ, ಯಾವ ದಾರಿ?

ಬೇರೆ ಕಡೆಯ ಕ್ಯಾನ್ಸರು ಹೃದಯವನ್ನು ಮುಟ್ಟಲು ನಾಲ್ಕು ದಾರಿಗಳಿವೆ.

ಮೊದಲನೆಯದು ನೆರೆಮನೆಯ ದಾರಿ. ಶ್ವಾಸಕೋಶ, ಅನ್ನನಾಳ, ಎದೆಯ ನಡುಭಾಗ ಇವು ಹೃದಯಕ್ಕೆ ತಾಗಿಕೊಂಡೇ ಇವೆ. ಅಲ್ಲಿಯ ಗಡ್ಡೆ ಬೆಳೆದು ಹೃದಯದ ಹೊದಿಕೆಯನ್ನು ಮುಟ್ಟುತ್ತದೆ. ಎರಡನೆಯದು ದುಗ್ಧರಸ ನಾಳಗಳ ದಾರಿ. ಸ್ತನದ ಮತ್ತು ಶ್ವಾಸಕೋಶದ ಕ್ಯಾನ್ಸರು ಹೆಚ್ಚಾಗಿ ಹೀಗೆ ಬರುತ್ತವೆ. ಮೂರನೆಯದು ರಕ್ತದ ದಾರಿ. ರಕ್ತದ ಕ್ಯಾನ್ಸರು, ಲಿಂಫೋಮಾ ಮತ್ತು ಚರ್ಮದ ಮೆಲನೋಮ ಈ ದಾರಿ ಹಿಡಿಯುತ್ತವೆ. ಮೆಲನೋಮ ಹೃದಯವನ್ನು ಹುಡುಕಿಕೊಂಡು ಹೋಗುವ ರೋಗವೆಂದೇ ಹೆಸರಾಗಿದೆ. ನಮ್ಮ ದೇಶದಲ್ಲಿ ಅದು ಕಡಿಮೆ ಎನ್ನುವುದೊಂದು ಸಮಾಧಾನ.

ನಾಲ್ಕನೆಯದು ಎಲ್ಲಕ್ಕಿಂತ ವಿಚಿತ್ರವಾದ ದಾರಿ. ಹೊಟ್ಟೆಯ ಕೆಳಭಾಗದಿಂದ ಹೃದಯದ ಬಲ ಮೇಲ್ಕೋಣೆಗೆ ರಕ್ತ ತರುವ ದೊಡ್ಡ ಅಭಿಧಮನಿಯೊಂದಿದೆ. ಮೂತ್ರಪಿಂಡದ ಅಥವಾ ಯಕೃತ್ತಿನ ಗಡ್ಡೆ ಕೆಲವರಲ್ಲಿ ಈ ನಾಳದೊಳಗೇ ಬಳ್ಳಿಯಂತೆ ಹಬ್ಬಿ ಹೃದಯದವರೆಗೆ ಏರುತ್ತದೆ. ಚಿಕ್ಕ ಮಕ್ಕಳ ಮೂತ್ರಪಿಂಡಕ್ಕೆ ಬರುವ ವಿಲ್ಮ್ಸ್ ಗಡ್ಡೆಯೂ ಹಾಗೆ ಏರುವುದುಂಟು. ಇಂಥದನ್ನು ಮೂತ್ರಪಿಂಡದ ಶಸ್ತ್ರವೈದ್ಯರೂ ಹೃದಯದ ಶಸ್ತ್ರವೈದ್ಯರೂ ಒಟ್ಟಿಗೆ ನಿಂತು ತೆಗೆಯುತ್ತಾರೆ.

ತಾಯಂದಿರು ಗಮನಿಸಬೇಕಾದ ಇನ್ನೊಂದು ಸಂಗತಿ ಇಲ್ಲಿದೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಬಹುತೇಕ ಹೆಂಗಸರಲ್ಲಿ ಕಾಣುವಂಥದು, ಅದು ಕ್ಯಾನ್ಸರ್ ಅಲ್ಲ. ಆದರೆ ಬೆರಳೆಣಿಕೆಯ ಮಂದಿಯಲ್ಲಿ ಇದು ಗರ್ಭಕೋಶದ ಅಭಿಧಮನಿಗಳೊಳಗೆ ಹೊಕ್ಕು, ಗರ್ಭಚೀಲ ತೆಗೆಸಿ ವರ್ಷಗಳಾದ ಮೇಲೆ ಕೂಡ, ಮೇಲಕ್ಕೆ ಬೆಳೆದು ಹೃದಯದ ಬಲಭಾಗವನ್ನು ತಲುಪಿದ್ದುಂಟು. ಪೂರ್ತಿ ತೆಗೆದರೆ ಗುಣವಾಗುವ ಗಡ್ಡೆ ಇದು. "ಅದೇನು ಕ್ಯಾನ್ಸರ್ ಅಲ್ಲವಲ್ಲ" ಎಂದು ಆ ಹಳೆಯ ಶಸ್ತ್ರಕ್ರಿಯೆಯನ್ನು ಹೇಳದೆ ಬಿಟ್ಟರೆ ಡಾಕ್ಟರಿಗೆ ಸುಳಿವೇ ಸಿಗುವುದಿಲ್ಲ.

ಲಕ್ಷಣಗಳೇನು?

ಹೊರಗಿನಿಂದ ಬಂದ ರೋಗ ಹೆಚ್ಚಾಗಿ ಕೂರುವುದು ಹೃದಯದ ಹೊರಗಿನ ಚೀಲದಲ್ಲಿ. ಈ ಚೀಲದಲ್ಲಿ ಸಹಜವಾಗಿ 15ರಿಂದ 50 ಮಿಲಿಲೀಟರ್ ನೀರು ಇರುತ್ತದೆ. ರೋಗ ತಾಗಿದಾಗ ನೀರು ಹೆಚ್ಚುತ್ತದೆ. ನಿಧಾನವಾಗಿ ತುಂಬಿದರೆ ಚೀಲ ಹಿಗ್ಗಿ ಒಂದು ಲೀಟರನ್ನೂ ತಾಳಿಕೊಳ್ಳಬಹುದು. ಒಮ್ಮೆಲೇ ತುಂಬಿದರೆ 200 ಮಿಲಿಲೀಟರೇ ಹೃದಯವನ್ನು ಅದುಮಿಬಿಡುತ್ತದೆ. ಆಗ ಏದುಸಿರು, ಮಲಗಿದರೆ ಉಸಿರು ಸಿಗದೆ ಎದ್ದು ಕೂರುವುದು, ನಾಡಿ ಓಡುವುದು, ರಕ್ತದೊತ್ತಡ ಇಳಿಯುವುದು, ಕುತ್ತಿಗೆಯ ನರ ಉಬ್ಬುವುದು, ತಲೆಸುತ್ತು ಇವು ಕಾಣಿಸುತ್ತವೆ. ಇದು ನಾಳೆ ನೋಡೋಣ ಎನ್ನುವ ಸ್ಥಿತಿಯಲ್ಲ. ಆ ಗಳಿಗೆಯಲ್ಲೇ ದವಾಖಾನೆಗೆ ಒಯ್ಯಬೇಕು. ಸೂಜಿ ಹಾಕಿ ನೀರು ತೆಗೆದರೆ ನಿಮಿಷಗಳಲ್ಲಿ ರೋಗಿ ಚೇತರಿಸಿಕೊಳ್ಳುತ್ತಾರೆ.

ಗಡ್ಡೆ ಹೃದಯದ ಕೋಣೆಯೊಳಗೆ ಇದ್ದರೆ ರಕ್ತದ ದಾರಿಗೆ ಅಡ್ಡವಾಗುತ್ತದೆ. ಎಚ್ಚರ ತಪ್ಪುವುದು, ಕಾಲು ಬಾಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಆಗಬಹುದು. ಗಡ್ಡೆಯ ಚೂರು ಕಳಚಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಸ್ನಾಯುವಿಗೇ ತಾಗಿದರೆ ಹೃದಯದ ಬಡಿತದ ತಾಳ ತಪ್ಪುತ್ತದೆ.

ಈ ಲಕ್ಷಣಗಳಲ್ಲಿ ಒಂದೂ ಗಡ್ಡೆಗೇ ಮೀಸಲಾದುದಲ್ಲ. ದಮ್ಮು, ರಕ್ತಹೀನತೆ, ರಕ್ತನಾಳದ ಅಡಚಣೆ ಎಲ್ಲದರಲ್ಲಿಯೂ ಇವು ಬರುತ್ತವೆ. ಆದ್ದರಿಂದಲೇ ಹಿಂದಿನ ಗಡ್ಡೆಯ ವಿಷಯ ಗೊತ್ತಿರದಿದ್ದರೆ ಡಾಕ್ಟರು ದಮ್ಮಿನ ಔಷಧ ಕೊಟ್ಟು ಕಳಿಸುವುದು ಸಹಜ.

ಕಂಡ ನೆರಳೆಲ್ಲ ಕ್ಯಾನ್ಸರಲ್ಲ

ಇದು ಈ ಲೇಖನದ ಮುಖ್ಯ ಮಾತು. ಒಮ್ಮೆ ಗಡ್ಡೆಯಾಗಿದ್ದವರ ಎಕೋದಲ್ಲಿ ಗಂಟಿನಂಥದೊಂದು ಕಂಡರೆ ಮನೆಯವರ ಕೈಕಾಲು ತಣ್ಣಗಾಗುತ್ತವೆ. ಹಳೆಯ ರೋಗವೇ ಹೃದಯಕ್ಕೆ ಬಂತೆಂದು ಕೈಚೆಲ್ಲಿ ಕೂರುತ್ತಾರೆ. ಆದರೆ ಆ ಗಂಟು ಬೇರೆ ಏನೂ ಆಗಿರಬಹುದು.

ಒಂದು, ಹೆಪ್ಪುಗಟ್ಟಿದ ರಕ್ತ. ಕ್ಯಾನ್ಸರ್ ಇರುವವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕಿಮೋಥೆರಪಿ ಕೊಡಲೆಂದು ಎದೆಯ ಚರ್ಮದಡಿ ಇಟ್ಟ ಪೋರ್ಟ್ ಎಂಬ ನಳಿಗೆಯ ತುದಿ ಹೃದಯದ ಬಲ ಮೇಲ್ಕೋಣೆಯ ಹತ್ತಿರ ಇರುತ್ತದೆ. ಅದರ ತುದಿಗೆ ಹೆಪ್ಪು ಕಟ್ಟಿ ಗಡ್ಡೆಯ ಹಾಗೆಯೇ ಕಾಣಬಹುದು. ರಕ್ತ ತೆಳುಮಾಡುವ ಔಷಧ ಕೊಟ್ಟರೆ ಬಹಳ ಜನರಲ್ಲಿ ಇದು ಕೆಲವು ವಾರಗಳಲ್ಲಿ ಕರಗುತ್ತದೆ.

ಎರಡು, ಮಿಕ್ಸೋಮ ಎಂಬ ಸೌಮ್ಯ ಗಡ್ಡೆ. ದೊಡ್ಡವರ ಹೃದಯದಲ್ಲಿಯೇ ಹುಟ್ಟುವ ಸೌಮ್ಯ ಗಡ್ಡೆಗಳಲ್ಲಿ ಇದೇ ಹೆಚ್ಚು. ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ. ನಾಲ್ಕರಲ್ಲಿ ಮೂರು ಪಾಲು ಎಡ ಮೇಲ್ಕೋಣೆಯಲ್ಲಿ, ನಡುಗೋಡೆಗೆ ಅಂಟಿಕೊಂಡು ತೊಟ್ಟಿನ ಹಣ್ಣಿನಂತೆ ತೂಗಾಡುತ್ತದೆ. ವಾತಜ್ವರದಿಂದ ಕವಾಟ ಕಿರಿದಾದವರ ಲಕ್ಷಣಗಳನ್ನೇ ಇದು ತೋರಿಸುತ್ತದೆ. ಸಣ್ಣ ಜ್ವರ, ತೂಕ ಇಳಿಯುವುದು, ರಕ್ತಹೀನತೆ ಕೂಡ ಬರುವುದರಿಂದ ಹಳೆಯ ಕ್ಯಾನ್ಸರೇ ಮರಳಿತೆಂದು ತಿಳಿಯಲು ಸುಲಭ. ಹಿಂದೆ ಬೇರೆ ಗಡ್ಡೆಯಾಗಿದ್ದವರಿಗೆ ಮಿಕ್ಸೋಮ ಬರಬಾರದೆಂದೇನೂ ಇಲ್ಲ. ಇದನ್ನು ತೆಗೆದರೆ ರೋಗಿ ಪೂರ್ತಿ ಗುಣವಾಗುತ್ತಾರೆ, ಮತ್ತೆ ಬೆಳೆಯುವುದು ನೂರರಲ್ಲಿ ಮೂವರಿಗಿಂತ ಹೆಚ್ಚಿಲ್ಲ.

ಕೆಲವು ಮನೆತನಗಳಲ್ಲಿ ಮಾತ್ರ ಮಿಕ್ಸೋಮ ವಂಶಪಾರಂಪರ್ಯವಾಗಿ ಬರುತ್ತದೆ. 1985ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಕಾರ್ನಿ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಆ ರೋಗಕ್ಕೆ ಬಂದಿದೆ. ತುಟಿ, ಕಣ್ಣರೆಪ್ಪೆ, ಮುಖದ ಮೇಲೆ ಕಪ್ಪು ಚುಕ್ಕೆಗಳು, ಚರ್ಮದಲ್ಲಿ ಗಂಟುಗಳು, ಗ್ರಂಥಿಗಳ ಗಡ್ಡೆಗಳು, ಜೊತೆಗೆ ಹೃದಯದ ಗಡ್ಡೆ ಇವು ಒಂದೇ ಮನೆಯವರಲ್ಲಿ ಕಾಣುತ್ತವೆ. ಅಂಥವರಲ್ಲಿ ಗಡ್ಡೆ ಮರಳಿ ಬರುವ ಸಂಭವ ಹೆಚ್ಚಾದ್ದರಿಂದ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೆಲ್ಲ ಎಕೋ ಮಾಡಿಸಿಕೊಳ್ಳಬೇಕು.

ಮೂರು, ಚೀಲದಲ್ಲಿ ನೀರು ತುಂಬಿದ್ದಕ್ಕೆ ಬೇರೆ ಕಾರಣ. ಎದೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ಥೈರಾಯ್ಡ್ ಕೊರತೆ, ನಮ್ಮ ದೇಶದಲ್ಲಿ ಮುಖ್ಯವಾಗಿ ಕ್ಷಯರೋಗ ಇವುಗಳಿಂದಲೂ ನೀರು ತುಂಬುತ್ತದೆ. ಕ್ಷಯಕ್ಕೆ ಔಷಧವಿದೆ. ಆದ್ದರಿಂದ ತೆಗೆದ ನೀರನ್ನು ಪರೀಕ್ಷೆಗೆ ಕಳಿಸದೆ ತೀರ್ಮಾನಕ್ಕೆ ಬರಬಾರದು.

ನಾಲ್ಕು, ಹುಟ್ಟಿನಿಂದಲೇ ಇರುವ ಮಡಿಕೆ ಅಥವಾ ಕೊಬ್ಬು. ಹೃದಯದ ಬಲ ಮೇಲ್ಕೋಣೆಯಲ್ಲಿ ಕೆಲವರಿಗೆ ಇಂಥ ಉಬ್ಬುಗಳು ಇರುತ್ತವೆ. ಅನುಭವಿ ತಜ್ಞರು ನೋಡಿದರೆ ಗೊತ್ತಾಗುತ್ತದೆ.

ಇವನ್ನು ಬೇರ್ಪಡಿಸುವುದು ಹೇಗೆ? ಮೊದಲು ಎದೆಯ ಮೇಲಿನಿಂದ ಮಾಡುವ ಸಾದಾ ಎಕೋ. ಸ್ಪಷ್ಟವಾಗದಿದ್ದರೆ ಅನ್ನನಾಳದೊಳಗೆ ನಳಿಗೆ ಇಳಿಸಿ ಮಾಡುವ ಎಕೋ. ನಂತರ ಹೃದಯದ ಎಂ.ಆರ್.ಐ. ಹೆಪ್ಪಿಗೆ ರಕ್ತದ ಪೂರೈಕೆ ಇರುವುದಿಲ್ಲ, ಜೀವಂತ ಗಡ್ಡೆಗೆ ಇರುತ್ತದೆ ಎಂಬ ಭೇದ ಅದರಲ್ಲಿ ಕಾಣುತ್ತದೆ. ದೇಹದ ಬೇರೆ ಕಡೆ ರೋಗ ಇದೆಯೇ ಎಂದು ನೋಡಲು ಪೆಟ್ ಸ್ಕ್ಯಾನ್. ಬೇಕಾದರೆ ಕೊನೆಗೆ ಚೂರು ತೆಗೆದು ಪರೀಕ್ಷೆ.

ರೋಗ ನಿಜವಾಗಿಯೂ ಹೊರಗಿನಿಂದ ಬಂದದ್ದೇ ಆಗಿದ್ದರೆ ಶಸ್ತ್ರಕ್ರಿಯೆ ಉಪಯೋಗಕ್ಕೆ ಬರುವುದು ಕೆಲವರಿಗೆ ಮಾತ್ರ. ಮೂಲ ಕ್ಯಾನ್ಸರಿಗೆ ತಕ್ಕ ಔಷಧ, ಕೆಲವೊಮ್ಮೆ ವಿಕಿರಣ, ನೀರು ಮತ್ತೆ ತುಂಬದಂತೆ ಚೀಲದಲ್ಲೊಂದು ಕಿಂಡಿ ಮಾಡುವುದು ಇವೇ ಚಿಕಿತ್ಸೆ. ಲಿಂಫೋಮಾದಂಥ ರೋಗ ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ. ಉಳಿದ ಅನೇಕ ಕಡೆ ಇದು ರೋಗ ಮುಂದುವರಿದ ಗುರುತು. ಆಗ ಉಸಿರಿಗೆ ನಿರಾಳ, ನೋವಿಗೆ ಶಮನ, ಮನೆಯವರ ಸಾಮೀಪ್ಯ ಇವನ್ನು ಕೊಡುವುದೂ ಚಿಕಿತ್ಸೆಯೇ.

ಗಡ್ಡೆ ಇಲ್ಲದೆಯೂ ಹೃದಯ ಸೋಲಬಹುದು. ಡಾಕ್ಸೊರುಬಿಸಿನ್, ಟ್ರಾಸ್ಟುಜುಮಾಬ್ ಎಂಬ ಔಷಧಗಳು ಕೆಲವರ ಹೃದಯದ ಬಲವನ್ನು ಕುಗ್ಗಿಸುತ್ತವೆ. ಎಡ ಎದೆಗೆ ವಿಕಿರಣ ಪಡೆದವರಲ್ಲಿ ವರ್ಷಗಳ ನಂತರ ರಕ್ತನಾಳ, ಕವಾಟಗಳು ಕೆಡಬಹುದು. ಇವನ್ನು ಪಡೆದವರು ಡಾಕ್ಟರು ಹೇಳಿದ ಕಾಲಕ್ಕೆ ಎಕೋ ಮಾಡಿಸುವುದನ್ನು ತಪ್ಪಿಸಬಾರದು.

ನಮ್ಮ ಭಾಗದ ಅನುಕೂಲಗಳು

ಕ್ಯಾನ್ಸರ್ ವಿಷಯದಲ್ಲಿ ಸೋಲಾಪುರ ಜಿಲ್ಲೆಗೆ ಇಡೀ ದೇಶದಲ್ಲಿ ಒಂದು ಹೆಸರಿದೆ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದು ಬಾರ್ಶಿಯಲ್ಲಿ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ನೆರವಿನಿಂದ ಹಳ್ಳಿ ಹಳ್ಳಿಗೆ ಹೋಗಿ ಯಾರಿಗೆ ಯಾವ ಗಡ್ಡೆ ಎಂದು ಬರೆದಿಡುವ ಕೆಲಸ ಅಲ್ಲಿ ನಡೆಯಿತು. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯ ಡಾ. ನೆನೆ ಮತ್ತು ಸಂಗಡಿಗರು ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ ಸುಮಾರು 1 ಲಕ್ಷ 31 ಸಾವಿರ ಮಹಿಳೆಯರನ್ನು ಸೇರಿಸಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿದರೂ ಗರ್ಭಕೋಶದ ಕೊರಳಿನ ಕ್ಯಾನ್ಸರಿನಿಂದಾಗುವ ಸಾವು ಅರ್ಧದಷ್ಟು ಇಳಿಯುತ್ತದೆಂದು ಅದು ತೋರಿಸಿತು. ನಮ್ಮ ಮಗ್ಗುಲ ಹಳ್ಳಿಗಳ ಹೆಣ್ಣುಮಕ್ಕಳು ಜಗತ್ತಿಗೇ ಕಲಿಸಿದ ಪಾಠ ಅದು. ಬೇಗ ಹಿಡಿದ ಗಡ್ಡೆ ಹೃದಯದವರೆಗೆ ಹೋಗುವ ಮಾತೇ ಬರುವುದಿಲ್ಲ.

ಸಾದಾ ಎಕೋ ಪರೀಕ್ಷೆ ಈಗ ಸೋಲಾಪುರದಲ್ಲಿಯೇ ಆಗುತ್ತದೆ. 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿನ ಸರ್ಕಾರಿ ಆಸ್ಪತ್ರೆ ಊರಲ್ಲೇ ಇದೆ. ಅಕ್ಕಲಕೋಟೆಯವರಿಗೆ ಸೋಲಾಪುರ ಸುಮಾರು 40 ಕಿಲೋಮೀಟರ್. ಕಲಬುರಗಿಯಲ್ಲಿ ಬಂಧುಗಳಿರುವವರಿಗೆ ಅಲ್ಲಿಯ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಇವೆ. ಹೃದಯದ ಗಂಟಿನ ತೀರ್ಮಾನಕ್ಕೆ ಕ್ಯಾನ್ಸರ್ ತಜ್ಞರು, ಹೃದಯ ತಜ್ಞರು ಇಬ್ಬರೂ ಕೂಡಿ ನೋಡುವ ದೊಡ್ಡ ಆಸ್ಪತ್ರೆಯೇ ಒಳ್ಳೆಯದು. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ತಮಗೆ ಅನ್ವಯಿಸುತ್ತದೆಯೇ ಎಂದು ಭರ್ತಿಯಾಗುವ ಮೊದಲೇ ವಿಚಾರಿಸಿರಿ.

ಮುಚ್ಚಿಡುವ ರೂಢಿ

ಎಲ್ಲ ಅನುಕೂಲಗಳಿದ್ದರೂ ನಮ್ಮ ಮನೆಗಳಲ್ಲಿ ಒಂದು ದೊಡ್ಡ ಅಡ್ಡಿ ಉಳಿದಿದೆ. ಅದು ರೋಗವನ್ನು ಮುಚ್ಚಿಡುವುದು. ಹೆಣ್ಣಿಗೆ ವರ ನೋಡುತ್ತಿದ್ದೇವೆ, ಅತ್ತೆಗೆ ಗಡ್ಡೆಯಾಗಿತ್ತೆಂದು ತಿಳಿದರೆ ಸಂಬಂಧ ಮುರಿದೀತು; ಭಾಗೀದಾರರಿಗೆ ಗೊತ್ತಾದರೆ ಅಂಗಡಿಯ ಪತ್ತು ಹೋದೀತು ಎಂಬ ಅಂಜಿಕೆ. ಪರಊರಿಗೆ ಹೋಗಿ ಗುಟ್ಟಾಗಿ ಚಿಕಿತ್ಸೆ ಮಾಡಿಸಿ, ಕಾಗದಪತ್ರಗಳನ್ನು ಹರಿದುಹಾಕುವವರೂ ಇದ್ದಾರೆ. ಕೆಲವೊಮ್ಮೆ ರೋಗಿಗೇ ತಮಗೆ ಏನಾಗಿತ್ತೆಂದು ಹೇಳಿರುವುದಿಲ್ಲ. ಹತ್ತು ವರ್ಷದ ನಂತರ "ಕಾಕಿ, ಹಿಂದೆ ಏನಾದರೂ ಆಪರೇಶನ್ ಆಗಿತ್ತೇನು?" ಎಂದು ಡಾಕ್ಟರು ಕೇಳಿದರೆ ಅವರು ಮಗನ ಮುಖ ನೋಡುತ್ತಾರೆ, ಮಗ ನೆಲ ನೋಡುತ್ತಾನೆ.

ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಡಾಕ್ಟರ ಮುಂದೆ ಮುಚ್ಚಿಟ್ಟ ರೋಗ ಕೀರ್ದಿಯಲ್ಲಿ ಬರೆಯದೆ ಬಿಟ್ಟ ಸಾಲದ ಹಾಗೆ, ಅದರ ಬಡ್ಡಿ ನಿಲ್ಲುವುದಿಲ್ಲ. ಐವತ್ತು ವರ್ಷದ ಹಳೆಯ ಖಾತೆ ಪುಸ್ತಕ ಜೋಪಾನ ಮಾಡುವ ನಾವು ಮನೆಯವರ ರೋಗದ ಕಾಗದ ಜೋಪಾನ ಮಾಡಲಾರೆವೆ? ಗಡ್ಡೆಯಾಗಿದ್ದ ಪ್ರತಿಯೊಬ್ಬರ ಹೆಸರಿನಲ್ಲಿ ಒಂದು ಫೈಲು ಇಡಿರಿ. ಅದರಲ್ಲಿರಬೇಕಾದವು ಇಷ್ಟು:

1. ಗಡ್ಡೆಯ ಚೂರು ಪರೀಕ್ಷೆಯ ವರದಿ, ಯಾವ ವರ್ಷದ್ದು ಎಂಬ ವಿವರ.
2. ಶಸ್ತ್ರಕ್ರಿಯೆಯ ಮತ್ತು ಡಿಸ್ಚಾರ್ಜ್ ಕಾಗದ.
3. ಕೊಟ್ಟ ಕಿಮೋಥೆರಪಿ ಔಷಧಗಳ ಹೆಸರು, ಪ್ರಮಾಣ.
4. ವಿಕಿರಣ ಕೊಟ್ಟಿದ್ದರೆ ಯಾವ ಭಾಗಕ್ಕೆ, ಯಾವ ಬದಿಗೆ.
5. ಪೋರ್ಟ್ ಇನ್ನೂ ಒಳಗಿದೆಯೇ, ತೆಗೆಸಿದ್ದೇ.
6. ಹಿಂದಿನ ಎಕೋ ವರದಿಗಳು. ಹೊಸ ಗಂಟು ಹೊಸದೇ ಎಂದು ತಿಳಿಯುವುದು ಹಳೆಯದನ್ನು ನೋಡಿದಾಗಲೇ.

ವ್ರತ, ಉಪವಾಸ, ಔಷಧ

ದಶಲಕ್ಷಣ ಪರ್ವದಲ್ಲಿ, ಚಾತುರ್ಮಾಸದಲ್ಲಿ ನಿಯಮ ಹಿಡಿಯುವ ಹಿರಿಯರಿಗೆ ಎರಡು ಮಾತು. ಹೃದಯದ ಚೀಲದಲ್ಲಿ ನೀರು ತುಂಬಿದವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದೊತ್ತಡ ಕುಸಿಯುವ ಅಪಾಯವಿದೆ. ವಾರ್ಫರಿನ್ ಎಂಬ ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು ಚಾತುರ್ಮಾಸದಲ್ಲಿ ಹಸಿರು ಸೊಪ್ಪು ಬಿಟ್ಟರೆ ಔಷಧದ ಬಲ ಹೆಚ್ಚಿ ರಕ್ತಸ್ರಾವವಾಗಬಹುದು, ಮತ್ತೆ ತಿನ್ನತೊಡಗಿದಾಗ ಬಲ ಇಳಿಯಬಹುದು. ಸೊಪ್ಪು ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿದರೆ ಪ್ರಮಾಣ ಸರಿಮಾಡಿಕೊಡುತ್ತಾರೆ. ಸೂರ್ಯಾಸ್ತದ ನಂತರ ಏನೂ ಸೇವಿಸದವರು ಅದನ್ನೂ ಮೊದಲೇ ಹೇಳಿದರೆ ಅನೇಕ ಔಷಧಗಳ ಹೊತ್ತನ್ನು ಹಗಲಿಗೆ ಹೊಂದಿಸಲು ಬರುತ್ತದೆ.

ಮಿಕ್ಸೋಮ ತೆಗೆದ ಜಾಗಕ್ಕೆ ಹಚ್ಚುವ ತೇಪೆ ರೋಗಿಯ ಸ್ವಂತ ಹೃದಯದ ಚೀಲದ್ದಾಗಿರಬಹುದು, ಕೃತಕ ಬಟ್ಟೆಯದಾಗಿರಬಹುದು, ಪ್ರಾಣಿಯ ಅಂಗಾಂಶದ್ದೂ ಆಗಿರಬಹುದು. ಮನಸ್ಸಿಗೆ ಒಪ್ಪಿಗೆಯಾಗುವುದನ್ನು ಶಸ್ತ್ರಕ್ರಿಯೆಯ ಮೊದಲೇ ಕೇಳಿಕೊಳ್ಳಿರಿ. ಹೃದಯ-ಶ್ವಾಸಕೋಶ ಯಂತ್ರಕ್ಕೆ ಬೇಕಾಗುವ ಹೆಪಾರಿನ್ ಪ್ರಾಣಿಮೂಲದ್ದು, ಅದಕ್ಕೆ ಸುಲಭದ ಬದಲಿ ಇಲ್ಲ. ಇದನ್ನು ಮನೆಯ ಹಿರಿಯರು ಮೊದಲೇ ಕೂತು ಮಾತಾಡಿದರೆ ಆಪರೇಶನ್ ಕೋಣೆಯ ಬಾಗಿಲಲ್ಲಿ ಗೊಂದಲವಾಗುವುದಿಲ್ಲ.

ಗುಣವಾದವರನ್ನು ದಿನವೂ ಅನುಮಾನದಿಂದ ನೋಡುವುದು ಬೇಡ. ಅವರಲ್ಲಿ ಬಹುಪಾಲು ಜನರಿಗೆ ಹೃದಯದ ಗಡ್ಡೆ ಎಂದೂ ಬರಲಾರದು. ಆದರೆ ಹೊಸದಾಗಿ ಏದುಸಿರು, ಎಚ್ಚರ ತಪ್ಪುವುದು, ಕಾಲು ಬಾಯುವುದು ಕಂಡ ದಿನ ಗ್ಯಾಸಿನ ಗುಳಿಗೆ ಕೊಟ್ಟು ಮಲಗಿಸದೆ, ಫೈಲು ಕೈಯಲ್ಲಿ ಹಿಡಿದು ದವಾಖಾನೆಗೆ ಹೋಗಿ, "ಇವರಿಗೆ ಹಿಂದೆ ಗಡ್ಡೆಯಾಗಿತ್ತು, ಎಕೋ ಮಾಡಿ ನೋಡಿರಿ" ಎಂದು ಹೇಳಿರಿ.